ನೋವು ಹೋಯಿತು, ಕಲ್ಲು ಉಳಿಯಿತು: ಪ್ಯಾಂಕ್ರಿಯಾಟೈಟಿಸ್ ಆದಮೇಲೆ ಗಾಲ್‌ಬ್ಲಾಡರ್ ಆಪರೇಷನ್ ಯಾವಾಗ?

ಒಬ್ಬರೇ ರೋಗಿ, ಒಂದೇ ಕಾಯಿಲೆ: ಗಾಲ್‌ಬ್ಲಾಡರ್ (ಪಿತ್ತಕೋಶ) ಕಲ್ಲಿನಿಂದ ಬಂದ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಉರಿಯೂತ. ಆದರೆ "ಗಾಲ್‌ಬ್ಲಾಡರ್ ಯಾವಾಗ ತೆಗೆಯಬೇಕು?" ಅನ್ನುವ ಪ್ರಶ್ನೆಗೆ ಎರಡು ತಿಂಗಳ ಒಳಗೆ ಎರಡು ಬೇರೆ ಉತ್ತರಗಳು ಬೇಕಾದವು. ಮೊದಲ ಸಲ "ಈಗಲೇ" ಅನ್ನಬೇಕಿತ್ತು, "ಆಮೇಲೆ ಬನ್ನಿ" ಅಂದರು. ಎರಡನೇ ಸಲ ಮನೆಯವರು "ಈಗಲೇ" ಅಂತ ಪಟ್ಟು ಹಿಡಿದರು, ಆಗ ಕಾಯುವುದೇ ಸರಿಯಾಗಿತ್ತು. ಈ ಪ್ರಕರಣವನ್ನು ಬರೆಯಲು ಕಾರಣ ಅದೇ.

ಗುರುತು ಸಿಗಬಾರದು ಅಂತ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಚಿಕಿತ್ಸೆಯ ಕ್ರಮವನ್ನು ಬದಲಿಸಿಲ್ಲ. ನಾನು ಈ ಪ್ರಕರಣಕ್ಕೆ ಬಂದದ್ದು ರೋಗಿ ಎರಡನೇ ಸಲ ಅಡ್ಮಿಟ್ ಆದಾಗ. ಮೊದಲ ಸಲದ್ದು ಕೇಸ್ ಶೀಟ್ ಓದಿ, ರೋಗಿ ಮತ್ತು ಮನೆಯವರನ್ನು ಕೇಳಿ ತಿಳಿದದ್ದು.

ಹಿನ್ನೆಲೆ

ರೋಗಿ ನಲವತ್ತು ದಾಟಿದ ಮಹಿಳೆ. ಕುಡಿತ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ದಿನಾ ನುಂಗುವ ಮಾತ್ರೆ ಯಾವುದೂ ಇಲ್ಲ. ಎರಡು ವರ್ಷದಿಂದ ಆಗಾಗ ಊಟವಾದ ಮೇಲೆ ಮೇಲ್ಹೊಟ್ಟೆಯಲ್ಲಿ ಹಿಡಿದುಕೊಂಡ ಹಾಗೆ ನೋವು ಬರುತ್ತಿತ್ತು. ಅರ್ಧ ಗಂಟೆಯೋ ಒಂದು ಗಂಟೆಯೋ ಇದ್ದು ತಾನಾಗಿಯೇ ಹೋಗುತ್ತಿತ್ತು. ಗ್ಯಾಸ್ ಅಂದುಕೊಂಡು ಮಾತ್ರೆ ತೆಗೆದುಕೊಂಡು ಸುಮ್ಮನಾಗಿದ್ದರು. ಹೊಟ್ಟೆ ಸ್ಕ್ಯಾನ್ ಮಾಡಿಸಿರಲಿಲ್ಲ.

ಒಂದು ರಾತ್ರಿ ಆ ನೋವು ಬಂದದ್ದು ಹೋಗಲೇ ಇಲ್ಲ. ಬೆನ್ನಿಗೆ ಹರಿಯಿತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ. ಮೂರ್ನಾಲ್ಕು ಸಲ ವಾಂತಿ ಆಯಿತು. ಬೆಳಗಿನ ಜಾವ ತುರ್ತು ವಿಭಾಗಕ್ಕೆ ಬಂದರು.

ರಕ್ತ ಪರೀಕ್ಷೆಯಲ್ಲಿ ಪ್ಯಾಂಕ್ರಿಯಾಸ್‌ನ ಕಿಣ್ವ ಲೈಪೇಸ್ ಸಾಮಾನ್ಯ ಮಿತಿಯ ಹತ್ತು ಪಟ್ಟಿಗಿಂತ ಜಾಸ್ತಿ ಇತ್ತು. ಇಂಥದ್ದೇ ನೋವು, ಲೈಪೇಸ್ ಅಥವಾ ಅದರಂಥದ್ದೇ ಇನ್ನೊಂದು ಕಿಣ್ವ ಅಮೈಲೇಸ್ ಮೂರು ಪಟ್ಟಿಗೂ ಮೇಲೆ, ಸ್ಕ್ಯಾನ್‌ನಲ್ಲಿ ಕಾಣುವ ಬದಲಾವಣೆ, ಈ ಮೂರರಲ್ಲಿ ಎರಡಿದ್ದರೆ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ ಅಂತ ಹೇಳಬಹುದು. ಹಾಗಾಗಿ ಕಾಯಿಲೆ ಯಾವುದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಕಾರಣವೂ ಬೇಗ ಸಿಕ್ಕಿತು. ಲಿವರ್ ಕಿಣ್ವ ಎಎಲ್‌ಟಿ 310 ಇತ್ತು. ಕುಡಿತದ ಇತಿಹಾಸ ಇಲ್ಲದವರಲ್ಲಿ ಮೊದಲ ಎರಡು ದಿನದೊಳಗೆ ಎಎಲ್‌ಟಿ 150 ದಾಟಿದ್ದರೆ ಕಲ್ಲಿನ ಮೇಲೆಯೇ ಅನುಮಾನ ಹೋಗಬೇಕು. ಅಲ್ಟ್ರಾಸೌಂಡ್‌ನಲ್ಲಿ ಗಾಲ್‌ಬ್ಲಾಡರ್ ತುಂಬ ಸಣ್ಣ ಸಣ್ಣ ಕಲ್ಲುಗಳು ಕಂಡವು. ಪಿತ್ತನಾಳ ಊದಿಕೊಂಡಿರಲಿಲ್ಲ.

ಸಣ್ಣ ಕಲ್ಲು ಅಂದರೆ ಸಣ್ಣ ತೊಂದರೆ ಅಂದುಕೊಳ್ಳುವವರು ತುಂಬ ಜನ. ಇಲ್ಲಿ ಲೆಕ್ಕ ಉಲ್ಟಾ. ದೊಡ್ಡ ಕಲ್ಲು ಸಾಮಾನ್ಯವಾಗಿ ಗಾಲ್‌ಬ್ಲಾಡರ್‌ನಿಂದ ಹೊರಗೆ ಹೋಗಲಾರದು. ಸಣ್ಣದು ಜಾರಿಕೊಂಡು ಪಿತ್ತನಾಳಕ್ಕೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಪಿತ್ತನಾಳವೂ ಪ್ಯಾಂಕ್ರಿಯಾಸ್‌ನ ನಾಳವೂ ಸಣ್ಣ ಕರುಳಿಗೆ ತೆರೆಯುವುದು ಒಂದೇ ಬಾಯಲ್ಲಿ. ಕಲ್ಲು ಅಲ್ಲಿ ಬಂದು ಸಿಕ್ಕಿಕೊಂಡರೆ ಪ್ಯಾಂಕ್ರಿಯಾಸ್‌ನ ರಸಕ್ಕೆ ಹೊರಹೋಗಲು ದಾರಿ ಇಲ್ಲ. ಆಹಾರ ಕರಗಿಸಬೇಕಾದ ಕಿಣ್ವಗಳು ಗ್ರಂಥಿಯೊಳಗೇ ಕೆಲಸ ಶುರು ಮಾಡುತ್ತವೆ. ಬಹಳಷ್ಟು ಸಲ ಆ ಕಲ್ಲು ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ತಾನಾಗಿಯೇ ಕರುಳಿಗೆ ಬಿದ್ದುಹೋಗುತ್ತದೆ. ಇವರಲ್ಲೂ ಹಾಗೇ ಆದ ಹಾಗೆ ಕಾಣುತ್ತದೆ. ಮೊದಲ ದಿನ 2.1 ಇದ್ದ ಬಿಲಿರುಬಿನ್ (ಕಾಮಾಲೆ ಅಳೆಯುವ ರಕ್ತ ಪರೀಕ್ಷೆ) ಮೂರನೇ ದಿನಕ್ಕೆ 1ಕ್ಕೆ ಇಳಿಯಿತು.

ಕಿಡ್ನಿ, ಶ್ವಾಸಕೋಶ, ಬಿಪಿ ಎಲ್ಲ ಸರಿ ಇತ್ತು. 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಇದು ಸೌಮ್ಯ ರೂಪ: ಯಾವ ಅಂಗವೂ ಸೋತಿಲ್ಲ, ಪ್ಯಾಂಕ್ರಿಯಾಸ್ ಸುತ್ತ ದ್ರವ ನಿಂತಿಲ್ಲ, ಗ್ರಂಥಿ ಸತ್ತಿಲ್ಲ. ಡ್ರಿಪ್ ಹಾಕಿದರು, ನೋವಿಗೆ ಔಷಧಿ ಕೊಟ್ಟರು. ಎರಡನೇ ದಿನ ಸಂಜೆಗೆ ಹಸಿವಾಯಿತು ಅಂದರು, ಊಟ ಕೊಟ್ಟರು. ಮೂರನೇ ದಿನ ನೋವಿನ ಇಂಜೆಕ್ಷನ್ ಬೇಕಾಗಲಿಲ್ಲ. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲದ ಚಿಕಿತ್ಸೆ.

ಮೂರನೇ ದಿನದ ಆ ಒಂದು ಸಾಲು

ರೋಗಿ ಇದ್ದದ್ದು ಮೆಡಿಸಿನ್ ವಾರ್ಡ್‌ನಲ್ಲಿ. ಮೂರನೇ ದಿನ ಸರ್ಜರಿಯವರ ಅಭಿಪ್ರಾಯ ಕೇಳಿದರು. ಕೇಸ್ ಶೀಟ್‌ನಲ್ಲಿ ಬಂದ ಉತ್ತರ ಇಷ್ಟೇ: "ಉರಿಯೂತ ಇಳಿಯಲಿ. 6 ವಾರ ಬಿಟ್ಟು ಸರ್ಜರಿ ಓಪಿಡಿಗೆ ಬರಲಿ, ಗಾಲ್‌ಬ್ಲಾಡರ್ ತೆಗೆಯಲು ಯೋಜಿಸೋಣ."

ಓದಿದರೆ ಜವಾಬ್ದಾರಿಯ ಮಾತಿನ ಹಾಗೇ ಇದೆ. ಈ ಸಾಲಿನ ಹಿಂದೆ ಏನೇನಿತ್ತು ಅಂತ ಆಮೇಲೆ ಬಿಡಿಸಿ ನೋಡಿದೆವು.

ಒಂದು, ಹಳೆಯ ನಂಬಿಕೆ. ಹೊಟ್ಟೆ ಕೊಯ್ದು ಆಪರೇಷನ್ ಮಾಡುತ್ತಿದ್ದ ಕಾಲದಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್ ಇದ್ದವರಿಗೆ ಮೊದಲ ದಿನಗಳಲ್ಲೇ ಕೈ ಹಾಕಿದರೆ ಕೆಟ್ಟದಾಗುತ್ತಿತ್ತು. "ತಣ್ಣಗಾಗಲಿ, ಆಮೇಲೆ ಮುಟ್ಟೋಣ" ಅನ್ನುವ ಪಾಠ ಅಲ್ಲಿಂದ ಬಂತು. ತೀವ್ರವಾದವರಿಗೆ ಆ ಪಾಠ ಇಂದಿಗೂ ಸರಿ. ಸೌಮ್ಯವಾದವರಿಗೂ ಅದನ್ನೇ ಹಾಕಿದ್ದು ಅಭ್ಯಾಸ ಬಲದಿಂದ.

ಎರಡು, ಥಿಯೇಟರ್. ಮಾಮೂಲಿ ಪಟ್ಟಿ ವಾರಗಟ್ಟಲೆ ಮುಂಚೆಯೇ ತುಂಬಿರುತ್ತದೆ. ತುರ್ತು ಪಟ್ಟಿಗೆ ಹಾಕೋಣ ಅಂದರೆ ಓಡಾಡಿಕೊಂಡಿರುವ ರೋಗಿ ತುರ್ತು ಅಲ್ಲ. ಕರುಳು ತೂತಾದವರು, ಅಪೆಂಡಿಕ್ಸ್ ಒಡೆದವರು ಸಾಲಿನಲ್ಲಿ ನಿಂತಿರುವಾಗ ಊಟ ಮಾಡುತ್ತಾ ಕೂತವರಿಗೆ ಸರದಿ ಬರುವುದೇ ಇಲ್ಲ. ನನ್ನ ಪ್ರಕಾರ ನಿಜವಾದ ಕಾರಣ ಇದೇ. ಉರಿಯೂತದ ಮಾತು ಅದಕ್ಕೆ ಹೊದಿಸಿದ ಬಟ್ಟೆ.

ಮೂರು, ರೋಗಿಯ ಮನಸ್ಸು. "ನೋವೇ ಇಲ್ವಲ್ಲ ಸರ್, ಮನೆಗೆ ಹೋಗ್ತೀನಿ" ಅಂದಿದ್ದರು. ಅವರನ್ನು ತಪ್ಪು ಅನ್ನಲಾಗದು. ಇರುವ ಅಪಾಯವನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಮಲಗಿದ್ದು ಯಾಕೆ, ನೋವು ಹೋದದ್ದು ಯಾಕೆ, ಮತ್ತೆ ಬರಬಹುದಾ, ಈ ಮೂರಕ್ಕೆ ಉತ್ತರ ಗೊತ್ತಿಲ್ಲದ ಯಾರಾದರೂ ಮನೆಗೇ ಹೋಗುತ್ತಾರೆ.

ಐದನೇ ದಿನ ಡಿಸ್ಚಾರ್ಜ್ ಆಯಿತು. ಕೊಟ್ಟ ಚೀಟಿಯಲ್ಲಿ ಜಿಡ್ಡು ಕಡಿಮೆ ತಿನ್ನಿ ಅಂತ ಇತ್ತು, ಎರಡು ಮಾತ್ರೆ ಇತ್ತು, ಓಪಿಡಿ ತಾರೀಕು ಇತ್ತು. ಆಪರೇಷನ್ ತಾರೀಕು ಇರಲಿಲ್ಲ. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಅಂತಲೂ ಇರಲಿಲ್ಲ.

ಆ ಹೊತ್ತಿಗೆ ಗೊತ್ತಿದ್ದದ್ದು ಏನು?

ಇದು ಯಾರಿಗೂ ಗೊತ್ತಿಲ್ಲದ ವಿಷಯವಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಗೊತ್ತಿತ್ತು. ನೆದರ್ಲೆಂಡ್ಸ್‌ನ 23 ಆಸ್ಪತ್ರೆಗಳು ಸೇರಿ ಮಾಡಿದ ಪೊಂಚೊ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕಲ್ಲಿನಿಂದ ಸೌಮ್ಯ ಪ್ಯಾಂಕ್ರಿಯಾಟೈಟಿಸ್ ಆದ 266 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮನೆಗೆ ಹೋಗುವ ಮುಂಚೆಯೇ, ಮೂರು ದಿನದೊಳಗೆ ಆಪರೇಷನ್. ಇನ್ನೊಂದಕ್ಕೆ ಮನೆಗೆ ಕಳಿಸಿ 25ರಿಂದ 30 ದಿನ ಬಿಟ್ಟು. ಆರು ತಿಂಗಳಲ್ಲಿ ಕಲ್ಲಿನ ತೊಂದರೆಯಿಂದ ಮತ್ತೆ ಅಡ್ಮಿಟ್ ಆದವರು ಅಥವಾ ತೀರಿಕೊಂಡವರು ಎಷ್ಟು ಅಂತ ಎಣಿಸಿದರು. ಬೇಗ ಮಾಡಿಸಿಕೊಂಡವರಲ್ಲಿ 5%, ಕಾದವರಲ್ಲಿ 17%.

ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಬೇಗ ಮಾಡಿದರೆ ಒಳಗೆ ಎಲ್ಲ ಅಂಟಿಕೊಂಡಿರುತ್ತದೆ, ಕಷ್ಟ ಆಗುತ್ತದೆ ಅನ್ನುವ ಭಯ ಇತ್ತಲ್ಲ, ಅದು ಅಧ್ಯಯನದಲ್ಲಿ ನಿಜವಾಗಲಿಲ್ಲ. ಸರ್ಜನ್‌ಗಳು ಹೇಳಿದ ಕಷ್ಟದ ಮಟ್ಟವಾಗಲಿ, ಕೀಹೋಲ್‌ನಿಂದ (ಸಣ್ಣ ತೂತುಗಳ ಮೂಲಕ) ಶುರು ಮಾಡಿ ಹೊಟ್ಟೆ ಕೊಯ್ಯಬೇಕಾದ ಪ್ರಮಾಣವಾಗಲಿ, ಆಪರೇಷನ್‌ನ ತೊಡಕುಗಳಾಗಲಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇದ್ದವು. ಪ್ಯಾಂಕ್ರಿಯಾಟೈಟಿಸ್ ಸೌಮ್ಯವಾಗಿದ್ದಾಗ ಬೆಂಕಿ ಇರುವುದು ಪ್ಯಾಂಕ್ರಿಯಾಸ್‌ನಲ್ಲಿ, ಗಾಲ್‌ಬ್ಲಾಡರ್‌ನಲ್ಲಿ ಅಲ್ಲ. 2013ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ 2018ರ ಅಮೆರಿಕದ ಜೀರ್ಣಾಂಗ ತಜ್ಞರ ಸಂಘದ ಮಾರ್ಗಸೂಚಿಯೂ ಸೌಮ್ಯ ರೂಪದಲ್ಲಿ ಅದೇ ಅಡ್ಮಿಷನ್‌ನಲ್ಲಿ ಗಾಲ್‌ಬ್ಲಾಡರ್ ತೆಗೆಯಿರಿ ಅನ್ನುತ್ತವೆ.

ಈ ರೋಗಿ ಮೂರನೇ ದಿನ ಊಟ ಮಾಡುತ್ತಿದ್ದರು, ಬಲವಾದ ನೋವಿನ ಔಷಧಿ ಬೇಕಿರಲಿಲ್ಲ, ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ 100ಕ್ಕಿಂತ ಕೆಳಗೆ ಇಳಿದಿತ್ತು. ಪೊಂಚೊದವರು ರೋಗಿಗಳನ್ನು ಆಯ್ದುಕೊಳ್ಳಲು ಇಟ್ಟುಕೊಂಡ ಗುರುತುಗಳೂ ಇವೇ. ನಾಲ್ಕನೇ ದಿನ ಆಪರೇಷನ್ ಮಾಡಿದ್ದರೆ ಆರನೇ ದಿನ ಮನೆಗೆ ಹೋಗಬಹುದಿತ್ತು. ಐದನೇ ದಿನ ಹೋದರು, ಕಲ್ಲಿನ ಸಮೇತ.

ನಡುವಿನ ದಿನಗಳು

ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರದ ಕೊನೆಗೆ ಒಂದು ಸಂಜೆ ಅದೇ ಹಳೆಯ ನೋವು, ಬಲಗಡೆ ಪಕ್ಕೆಲುಬಿನ ಕೆಳಗೆ. ಒಂದು ಗಂಟೆ ಇದ್ದು ಹೋಯಿತು. "ಹೋಗಿ ಕೇಳೋಣ ಅಂದ್ಕೊಂಡೆ. ಇನ್ನೇನು ಓಪಿಡಿ ತಾರೀಕು ಬರುತ್ತಲ್ಲ ಅಂತ ಬಿಟ್ಟೆ" ಅಂತ ಆಮೇಲೆ ಹೇಳಿದರು.

ಎಚ್ಚರಿಕೆ ಅದೇ. ಕಲ್ಲು ಮತ್ತೆ ಜರುಗುತ್ತಿದೆ ಅಂತ ಅರ್ಥ. ಆ ದಿನ ಬಂದಿದ್ದರೆ ಕಥೆ ಬೇರೆ ಆಗುತ್ತಿತ್ತೋ ಏನೋ. ಆದರೆ ಆ ನೋವನ್ನು ಯಾರ ಹತ್ತಿರ ಹೇಳಬೇಕಿತ್ತು? ಮೆಡಿಸಿನ್‌ನವರು ಡಿಸ್ಚಾರ್ಜ್ ಮಾಡಿ ಕೈ ತೊಳೆದುಕೊಂಡಿದ್ದರು. ಸರ್ಜರಿಯವರಿಗೆ ಅವರು ಇನ್ನೂ ಓಪಿಡಿಗೆ ಬರದ, ಪಟ್ಟಿಯಲ್ಲೇ ಇಲ್ಲದ ರೋಗಿ. ಆ ನಡುವಿನ ದಿನಗಳಲ್ಲಿ ಅವರು ಯಾರ ರೋಗಿಯೂ ಆಗಿರಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ಎರಡನೇ ಹೊಡೆತ ಬಿತ್ತು.

ಈ ಸಲ ಬೇರೆ ಕಾಯಿಲೆಯೇ ಅನ್ನುವಷ್ಟು ಬೇರೆ

ತುರ್ತು ವಿಭಾಗಕ್ಕೆ ಬಂದಾಗ ನಾಡಿ 118. ಆಕ್ಸಿಜನ್ ಕೊಡದೆ ಇದ್ದರೆ ರಕ್ತದಲ್ಲಿ ಅದರ ಪ್ರಮಾಣ 91%ಕ್ಕೆ ಇಳಿಯುತ್ತಿತ್ತು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಹೋದ ಸಲ 0.8 ಇದ್ದದ್ದು ಈಗ 2.1. ಬಿಲಿರುಬಿನ್ 4.2, ಕಣ್ಣು ಹಳದಿ. ಹೊಟ್ಟೆ ಉಬ್ಬಿ ಬಿಗಿದಿತ್ತು. ಐಸಿಯುಗೆ ಹಾಕಿದೆವು.

ಮೊದಲ ರಾತ್ರಿಯ ಚರ್ಚೆ ಇಆರ್‌ಸಿಪಿ ಬಗ್ಗೆ. ಬಾಯಿಂದ ಸ್ಕೋಪ್ ಇಳಿಸಿ, ಪಿತ್ತನಾಳದ ಬಾಯಿ ಕೊಯ್ದು ಕಲ್ಲು ತೆಗೆಯುವ ವಿಧಾನ ಅದು. ಕಾಮಾಲೆ ಇದೆ, ಕಲ್ಲು ಸಿಕ್ಕಿದೆ, ತೆಗೆದುಬಿಡೋಣ ಅನಿಸುವುದು ಸಹಜ. ಆದರೆ ಪಿತ್ತನಾಳಕ್ಕೆ ಸೋಂಕು ತಗುಲಿದ್ದರೆ ಮಾತ್ರ ಆ ತುರ್ತು ಇರುತ್ತದೆ: ಜ್ವರ, ಚಳಿ, ಏರುತ್ತಲೇ ಇರುವ ಕಾಮಾಲೆ. ಸೋಂಕು ಇಲ್ಲದಿದ್ದರೆ ತೀವ್ರವಾಗುವ ಲಕ್ಷಣ ಇರುವವರಲ್ಲೂ ತುರ್ತು ಇಆರ್‌ಸಿಪಿಯಿಂದ ಲಾಭ ಇಲ್ಲ ಅಂತ 2020ರ ಎಪೆಕ್ ಅಧ್ಯಯನ ತೋರಿಸಿದೆ. ಇವರಿಗೆ ಜ್ವರ ಇರಲಿಲ್ಲ. ಬೆಳಿಗ್ಗೆ ಮತ್ತೆ ರಕ್ತ ನೋಡೋಣ, ಬಿಲಿರುಬಿನ್ ಏರಿದರೆ ಅಥವಾ ಜ್ವರ ಬಂದರೆ ತಕ್ಷಣ ಮಾಡೋಣ ಅಂತ ಒಪ್ಪಿಕೊಂಡೆವು. ಬೆಳಿಗ್ಗೆ 2.9ಕ್ಕೆ ಇಳಿದಿತ್ತು. ಕಲ್ಲು ದಾಟಿಹೋಗಿತ್ತು. ಆದರೆ ದಾಟುವಷ್ಟರಲ್ಲಿ ಹಾನಿ ಮಾಡಿತ್ತು.

ಡ್ರಿಪ್ ಅಳತೆ ಮೀರಿ ಸುರಿಯಲಿಲ್ಲ. ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ಡ್ರಿಪ್ ಅನ್ನು ಮೂತ್ರ ಮತ್ತು ಬಿಪಿ ನೋಡಿಕೊಂಡು ಕೊಟ್ಟೆವು. ಹಿಂದೆ ಬಕೆಟ್‌ಗಟ್ಟಲೆ ಕೊಡುವ ರೂಢಿ ಇತ್ತು. 2022ರ ವಾಟರ್‌ಫಾಲ್ ಅಧ್ಯಯನದಲ್ಲಿ ಹಾಗೆ ಕೊಟ್ಟವರಲ್ಲಿ ಮೈಯಲ್ಲಿ ನೀರು ಜಾಸ್ತಿಯಾದ ತೊಂದರೆ 20.5%, ಹದವಾಗಿ ಕೊಟ್ಟವರಲ್ಲಿ 6.3%. ಆಂಟಿಬಯೋಟಿಕ್ ಸುಮ್ನೆ ಮುನ್ನೆಚ್ಚರಿಕೆಗೆ ಅಂತ ಶುರು ಮಾಡಲಿಲ್ಲ. ಬಾಯಿಂದ ತಿನ್ನಲಾಗದ್ದರಿಂದ ನಾಲ್ಕನೇ ದಿನ ಮೂಗಿನ ನಳಿಕೆಯಲ್ಲಿ ಆಹಾರ ಶುರುವಾಯಿತು.

ಕ್ರಿಯಾಟಿನಿನ್ 36 ಗಂಟೆಯಲ್ಲಿ 1.2ಕ್ಕೆ ಬಂತು. ಆಕ್ಸಿಜನ್ ಕೂಡ 48 ಗಂಟೆಯೊಳಗೆ ತೆಗೆಯಲು ಸಾಧ್ಯವಾಯಿತು. 48 ಗಂಟೆ ಮೀರಿ ಅಂಗ ಸೋತಿದ್ದರೆ ಅದು ತೀವ್ರ ರೂಪ, ಜೀವಕ್ಕೇ ಅಪಾಯ. ಇವರು ಅದರ ಹೊಸ್ತಿಲಲ್ಲಿ ನಿಂತು ವಾಪಸ್ ಬಂದರು. ಮಧ್ಯಮ ತೀವ್ರ ಅಂತ ಬರೆದುಕೊಂಡೆವು.

ಆರನೇ ದಿನ ಸಿಟಿ ಮಾಡಿಸಿದೆವು. ಮೊದಲ ಮೂರು ದಿನದೊಳಗೆ ಮಾಡಿದರೆ ಹಾನಿ ಪೂರ್ತಿ ಕಾಣುವುದಿಲ್ಲ, ಅದಕ್ಕೇ ತಡ ಮಾಡಿದ್ದು. ಪ್ಯಾಂಕ್ರಿಯಾಸ್‌ನ ನಡುಭಾಗದಲ್ಲಿ ಒಂದು ತುಂಡಿಗೆ ರಕ್ತ ಹರಿಯುತ್ತಿರಲಿಲ್ಲ. ಅದರ ಮುಂದೆ, ಜಠರದ ಹಿಂಭಾಗದಲ್ಲಿ, ಸುಮಾರು 9 ಸೆಂಟಿಮೀಟರ್ ಅಗಲದ ದ್ರವದ ಶೇಖರಣೆ.

"ಈಗಲಾದ್ರೂ ತೆಗೆದುಬಿಡಿ"

ಸಿಟಿ ರಿಪೋರ್ಟ್ ಬಂದ ದಿನ ಸಂಜೆ ಅವರ ಗಂಡ ನನ್ನನ್ನು ಕಾರಿಡಾರ್‌ನಲ್ಲಿ ನಿಲ್ಲಿಸಿದರು. "ಡಾಕ್ಟ್ರೇ, ಆವತ್ತು ಕಾಯೋಣ ಅಂದ್ರಿ. ಕಾದದ್ದಕ್ಕೆ ಹೀಗಾಯ್ತು. ಈಗಲಾದ್ರೂ ತೆಗೆದುಬಿಡಿ."

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮೊದಲ ಸಲ ಏನು ಮಾಡಬೇಕಿತ್ತೋ ಅದನ್ನೇ ಈಗ ಕೇಳುತ್ತಿದ್ದರು. ಆದರೆ ಈಗ ಹೊಟ್ಟೆಯೊಳಗೆ ಪರಿಸ್ಥಿತಿ ಬದಲಾಗಿತ್ತು. ಸತ್ತ ಭಾಗ ಮತ್ತು ದ್ರವ ಸದ್ಯಕ್ಕೆ ಸೋಂಕಿಲ್ಲದೆ ಇದ್ದವು. ಅಲ್ಲಿ ಆಪರೇಷನ್ ಮಾಡಿದರೆ ಸೋಂಕು ನಾವೇ ತಂದುಕೊಟ್ಟ ಹಾಗೆ. ಊತ ಗಾಲ್‌ಬ್ಲಾಡರ್‌ನ ಕುತ್ತಿಗೆವರೆಗೂ ಬಂದಿತ್ತು. ಪಿತ್ತನಾಳಕ್ಕೆ ಪೆಟ್ಟಾಗುವ ಅಪಾಯ ಜಾಸ್ತಿ. ಇನ್ನೂ ಒಂದು ವಿಷಯ ಇತ್ತು. ಆ ದ್ರವ ತಾನಾಗಿ ಕರಗಬಹುದು, ಇಲ್ಲವೇ ನಾಲ್ಕು ವಾರದ ಹೊತ್ತಿಗೆ ಸುತ್ತ ಗೋಡೆ ಕಟ್ಟಿಕೊಂಡು ನಿಲ್ಲಬಹುದು. ನಿಂತರೆ, ತೊಂದರೆ ಕೊಟ್ಟರೆ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಆಗ ಎರಡನ್ನೂ ಒಟ್ಟಿಗೆ ಯೋಚಿಸಬೇಕು. ದ್ರವ ಕರಗುವವರೆಗೆ, ಕರಗದಿದ್ದರೆ ಸುಮಾರು ಆರು ವಾರ ಕಳೆದು ಅದು ಒಂದು ಸ್ಥಿತಿಗೆ ಬರುವವರೆಗೆ ಕಾಯಿರಿ ಅನ್ನುವುದು ಒಪ್ಪಿಕೊಂಡ ನಡೆ.

ಇದನ್ನೆಲ್ಲ ಬಾಯಲ್ಲಿ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ ಅಲ್ವಾ? ಹಾಗಾಗಿ ಸಿಟಿ ಚಿತ್ರವನ್ನೇ ಅವರ ಮುಂದೆ ಇಟ್ಟೆವು. ಗಾಲ್‌ಬ್ಲಾಡರ್ ಎಲ್ಲಿದೆ, ದ್ರವ ಎಲ್ಲಿದೆ, ಎರಡರ ನಡುವೆ ಎಷ್ಟು ಜಾಗ ಇದೆ ಅಂತ ತೋರಿಸಿದೆವು. ಮೊದಲ ಸಲ ಇದು ಇರಲಿಲ್ಲ, ಆಗ ಆಪರೇಷನ್ ಮಾಡಬಹುದಿತ್ತು ಅಂತ ನೇರವಾಗಿಯೇ ಹೇಳಿದೆವು. ಆ ಮಾತನ್ನು ಮುಚ್ಚಿಟ್ಟಿದ್ದರೆ ಈ ಸಲದ "ಕಾಯೋಣ" ಅನ್ನುವುದನ್ನು ಅವರು ನಂಬುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅವರು ತುಂಬ ಹೊತ್ತು ಆ ಚಿತ್ರ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಮನೆಗೆ ಹೋದಾಗ ಮೂರನೇ ಸಲ ಬಂದ್ರೆ?"

ಕಾಯುವ ದಿನಗಳಲ್ಲಿ ಏನು ಮಾಡುವುದು

ಆ ಪ್ರಶ್ನೆಗೆ ನಮ್ಮೊಳಗೇ ಒಂದೇ ಉತ್ತರ ಇರಲಿಲ್ಲ. ಜೀರ್ಣಾಂಗ ತಜ್ಞರು ಪಿತ್ತನಾಳದ ಬಾಯಿ ಕೊಯ್ದು ಅಗಲ ಮಾಡಿಬಿಡೋಣ, ಮುಂದೆ ಕಲ್ಲು ಇಳಿದರೂ ಸಿಕ್ಕಿಕೊಳ್ಳದೆ ಹೋಗುತ್ತದೆ ಅಂದರು. ಮಾತು ಸರಿಯೇ. ಹಾಗೆ ಮಾಡಿದವರಲ್ಲಿ ಪ್ಯಾಂಕ್ರಿಯಾಟೈಟಿಸ್ ಮರುಕಳಿಸುವುದು ಕಡಿಮೆ. ಆಪರೇಷನ್ ತಡೆಯಲಾರದಷ್ಟು ನಿತ್ರಾಣರಾದ ವಯಸ್ಸಾದವರಿಗೆ ಕೆಲವೊಮ್ಮೆ ಅದೊಂದೇ ಚಿಕಿತ್ಸೆ. ಆದರೆ ಗಾಲ್‌ಬ್ಲಾಡರ್‌ನಲ್ಲಿ ಕಲ್ಲು ಹಾಗೇ ಇರುತ್ತದೆ. ಗಾಲ್‌ಬ್ಲಾಡರ್ ಊದಿಕೊಳ್ಳುವುದನ್ನು, ನೋವು ಬರುವುದನ್ನು ಅದು ತಪ್ಪಿಸುವುದಿಲ್ಲ. ಜೊತೆಗೆ ಇಆರ್‌ಸಿಪಿಯಿಂದಲೇ ಪ್ಯಾಂಕ್ರಿಯಾಟೈಟಿಸ್ ಆಗುವ ಸಾಧ್ಯತೆ ಇದೆ. ಗಾಯವಾದ ಗ್ರಂಥಿಗೆ ಇನ್ನೊಂದು ಗಾಯ ಬೇಡ ಅಂತ ಸರ್ಜನ್‌ಗಳ ವಾದ.

ಎಂಆರ್‌ಸಿಪಿ, ಅಂದರೆ ಪಿತ್ತನಾಳದ ಎಂಆರ್‌ಐ ಸ್ಕ್ಯಾನ್, ತೀರ್ಮಾನ ಮಾಡಿಕೊಟ್ಟಿತು. ಪಿತ್ತನಾಳ ಖಾಲಿ ಇತ್ತು. ಲಿವರ್ ಪರೀಕ್ಷೆಗಳೂ ಸರಿಯಾಗಿದ್ದವು. ಈಗ ಕೊಯ್ಯುವುದು ಬೇಡ, ಕಾಯುವಾಗ ಒಂದೇ ಒಂದು ಸಲ ನೋವು ಬಂದರೂ ಅಥವಾ ಲಿವರ್ ಪರೀಕ್ಷೆ ಏರಿದರೂ ಮಾಡೋಣ ಅಂತ ನಿಂತೆವು. ಬೇರೆ ತಂಡ ಬೇರೆ ರೀತಿ ಮಾಡುತ್ತಿತ್ತು, ಅದನ್ನೂ ತಪ್ಪು ಅನ್ನಲಾರೆ.

ಮೂರು ವಾರದ ನಂತರ ಡಿಸ್ಚಾರ್ಜ್. ಈ ಸಲ ಕೈಗೆ ಕೊಟ್ಟ ಕಾಗದ ಬೇರೆ ಥರ ಇತ್ತು. ಆಪರೇಷನ್ ತಾರೀಕು ವಾರ್ಡ್ ಬಿಡುವ ಮುಂಚೆಯೇ ಥಿಯೇಟರ್ ಪಟ್ಟಿಯಲ್ಲಿ ಬರೆಸಿ ಆಗಿತ್ತು. ವಾರಕ್ಕೊಮ್ಮೆ ರಕ್ತ ಪರೀಕ್ಷೆ, ನಡುವೆ ಒಂದು ಸ್ಕ್ಯಾನ್. ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲುವ ಮೇಲ್ಹೊಟ್ಟೆ ನೋವು, ಜ್ವರ, ಹಳದಿ ಕಣ್ಣು, ಏನೂ ತಿನ್ನಲಾಗದ ವಾಂತಿ, ಈ ನಾಲ್ಕರಲ್ಲಿ ಯಾವುದಾದರೂ ಆದರೆ ಓಪಿಡಿಗಲ್ಲ, ನೇರ ತುರ್ತು ವಿಭಾಗಕ್ಕೆ. ಫೋನ್ ಮಾಡಲು ಒಬ್ಬ ನರ್ಸ್‌ನ ಹೆಸರು ಮತ್ತು ನಂಬರ್. ಎರಡು ಸಲ ಫೋನ್ ಬಂತಂತೆ, ಎರಡೂ ಸಲ ಊಟದ ಬಗ್ಗೆ.

ಎರಡನೇ ಸ್ಕ್ಯಾನ್ ಹೊತ್ತಿಗೆ 9 ಸೆಂಟಿಮೀಟರ್ ಇದ್ದದ್ದು 3ಕ್ಕೆ ಇಳಿದಿತ್ತು. ಹೀಗೆ ಪ್ಯಾಂಕ್ರಿಯಾಸ್‌ನ ಭಾಗ ಸತ್ತವರಲ್ಲಿ ದ್ರವ ಅಡ್ಡಿ ಇಲ್ಲದಿದ್ದರೆ ಡಿಸ್ಚಾರ್ಜ್ ಆದ 8 ವಾರದೊಳಗೆ ಆಪರೇಷನ್ ಮುಗಿಸುವುದು ಒಳ್ಳೆಯದು ಅಂತ 2022ರಲ್ಲಿ ಮತ್ತೊಂದು ಡಚ್ ಅಧ್ಯಯನ ಹೇಳಿತ್ತು. ಅಂದರೆ ಕಾಯುವುದಕ್ಕೂ ಒಂದು ಕೊನೆ ಇದೆ. ನಾವು ಐದನೇ ವಾರದಲ್ಲಿ ಮಾಡಿದೆವು.

ಆಪರೇಷನ್ ಟೇಬಲ್ ಮೇಲೆ

ಮಾಮೂಲಿ ಗಾಲ್‌ಬ್ಲಾಡರ್ ಆಗಿದ್ದರೆ ಒಂದು ಗಂಟೆಯೊಳಗೆ ಮುಗಿಯುತ್ತಿತ್ತು. ಇದಕ್ಕೆ ಎರಡು ಗಂಟೆ ದಾಟಿತು. ಕ್ಯಾಮೆರಾ ಒಳಗೆ ಹೋದಾಗ ಗಾಲ್‌ಬ್ಲಾಡರ್ ಕಾಣಲೇ ಇಲ್ಲ. ಕೊಬ್ಬಿನ ಪದರ ಅದರ ಮೇಲೆ ಮೆತ್ತಿಕೊಂಡಿತ್ತು. ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಬೇಕಾಯಿತು. ಕುತ್ತಿಗೆಯ ಹತ್ತಿರ, ಪಿತ್ತನಾಳ ಮತ್ತು ರಕ್ತನಾಳ ಇರುವ ತ್ರಿಕೋನದಲ್ಲಿ, ಬಿಳಿ ಗಟ್ಟಿ ನಾರು. ಯಾವುದು ಯಾವ ನಾಳ ಅಂತ ಹೇಳುವ ಹಾಗಿರಲಿಲ್ಲ.

ಇಲ್ಲಿ ಪಾಲಿಸುವ ನಿಯಮ ಒಂದಿದೆ. ತ್ರಿಕೋನ ಸ್ವಚ್ಛ ಆಗಬೇಕು, ಗಾಲ್‌ಬ್ಲಾಡರ್‌ನ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬಿಡಿಸಿಕೊಂಡಿರಬೇಕು, ಗಾಲ್‌ಬ್ಲಾಡರ್‌ಗೆ ಹೋಗುವ ಎರಡೇ ಎರಡು ಕೊಳವೆ ಕಣ್ಣಿಗೆ ಕಾಣಬೇಕು. ಮೂರೂ ಆಗುವವರೆಗೆ ಏನನ್ನೂ ಕತ್ತರಿಸುವಂತಿಲ್ಲ. ಆಗದೇ ಹೋದರೆ ಗಾಲ್‌ಬ್ಲಾಡರ್‌ನ ಬುಡ ಬಿಟ್ಟು ಉಳಿದದ್ದನ್ನು ಮಾತ್ರ ತೆಗೆಯುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ರೋಗಿಗೂ ಹೇಳಿ ಒಪ್ಪಿಗೆ ಪಡೆದಿತ್ತು. ಅದರ ಅಗತ್ಯ ಬೀಳಲಿಲ್ಲ. ಬಣ್ಣದ ದ್ರವ ಹಾಕಿ ತೆಗೆದ ಎಕ್ಸ್‌ರೇನಲ್ಲಿ ಪಿತ್ತನಾಳ ಖಾಲಿ ಇತ್ತು.

ತೆಗೆದ ಗಾಲ್‌ಬ್ಲಾಡರ್ ಅನ್ನು ಟ್ರೇನಲ್ಲಿ ಇಟ್ಟು ಕೊಯ್ದಾಗ ಕಂದು ಬಣ್ಣದ ಕಲ್ಲುಗಳು ಪಿತ್ತದ ಜೊತೆ ಹರಿದುಬಂದವು. ಬಹುಪಾಲು ಗುಂಡುಸೂಜಿ ತಲೆಯಷ್ಟು. ದೊಡ್ಡದು ಅಂದರೆ 4 ಮಿಲಿಮೀಟರ್.

ಎರಡನೇ ದಿನ ಮನೆಗೆ ಹೋದರು. ಆರು ತಿಂಗಳ ನಂತರ ನೋಡಿದಾಗ ಮತ್ತೆ ನೋವು ಬಂದಿರಲಿಲ್ಲ, ತೂಕ ವಾಪಸ್ ಬಂದಿತ್ತು. ಆದರೆ ಖಾಲಿ ಹೊಟ್ಟೆಯ ಸಕ್ಕರೆ 118. ಮೊದಲು 90ರ ಆಸುಪಾಸು ಇತ್ತು. ಪ್ಯಾಂಕ್ರಿಯಾಟೈಟಿಸ್ ಆದವರಲ್ಲಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಏರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಇದು ಎರಡನೇ ಹೊಡೆತದ ಬಾಕಿ ಅಂತ ಖಚಿತವಾಗಿ ಹೇಳಲಾಗದು. ನನಗಂತೂ ಅನುಮಾನ ಇದೆ.

ವಿಮರ್ಶೆ ಸಭೆಯಲ್ಲಿ

ಪ್ರಕರಣವನ್ನು ಇಲಾಖೆಗಳೆಲ್ಲ ಕೂತು ನೋಡಿದಾಗ ಮೊದಲು ಬಂದ ಮಾತು ಥಿಯೇಟರ್ ಸಿಗಲ್ಲ ಅನ್ನುವುದೇ. ಅದಕ್ಕೆ ಉತ್ತರವಾಗಿ ಒಬ್ಬರು ಬೋರ್ಡ್ ಮೇಲೆ ಎರಡು ಸಾಲು ಬರೆದರು. ಮೊದಲ ಸಲ ಉಳಿಸಿದ್ದು: ಒಂದು ಗಂಟೆ ಥಿಯೇಟರ್. ಖರ್ಚಾದದ್ದು: ಮೂರು ವಾರ ಹಾಸಿಗೆ, ಅದರಲ್ಲಿ ನಾಲ್ಕು ದಿನ ಐಸಿಯು, ಎರಡು ಸಿಟಿ, ಒಂದು ಎಂಆರ್‌ಸಿಪಿ, ಆಮೇಲೆ ಎರಡು ಗಂಟೆ ಥಿಯೇಟರ್. ಅದಾದ ಮೇಲೆ ಥಿಯೇಟರ್ ಮಾತು ಯಾರೂ ಎತ್ತಲಿಲ್ಲ.

ಬದಲಾದದ್ದು ಹೆಚ್ಚೇನೂ ಅಲ್ಲ. ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ ಅಂತ ಗೊತ್ತಾದ ದಿನವೇ ಸರ್ಜರಿಗೆ ತಿಳಿಸಬೇಕು, ಮೂರನೇ ದಿನದವರೆಗೆ ಕಾಯುವಂತಿಲ್ಲ. ಸೌಮ್ಯ ರೂಪ, ಊಟ ಸೇರುತ್ತಿದೆ, ನೋವು ಹಿಡಿತದಲ್ಲಿದೆ, ಸಿಆರ್‌ಪಿ ಇಳಿಯುತ್ತಿದೆ ಅಂದರೆ ತುರ್ತು ಪಟ್ಟಿಯಲ್ಲಿ ಸರದಿ. ಲೈಪೇಸ್ ಪೂರ್ತಿ ಇಳಿಯಲಿ ಅಂತ ಕಾಯಬೇಕಿಲ್ಲ, ಆ ಸಂಖ್ಯೆ ಇಲ್ಲಿ ಏನನ್ನೂ ಹೇಳುವುದಿಲ್ಲ. ಆಪರೇಷನ್ ಇಲ್ಲದೆ ಕಳಿಸುವುದಾದರೆ ಡಿಸ್ಚಾರ್ಜ್ ಕಾಗದದಲ್ಲಿ ಕಾರಣ ಬರೆಯಬೇಕು. ದ್ರವ ನಿಂತಿದೆ, ಹೃದಯ ತಡೆಯುವುದಿಲ್ಲ, ರೋಗಿ ಎಲ್ಲ ತಿಳಿದು ಬೇಡ ಅಂದರು, ಹೀಗೆ. "ಉರಿಯೂತ ಇಳಿಯಲಿ" ಅನ್ನುವುದನ್ನು ಸೌಮ್ಯ ರೂಪದಲ್ಲಿ ಕಾರಣ ಅಂತ ಒಪ್ಪುವುದಿಲ್ಲ. ಕಾರಣದ ಕೆಳಗೆ ಆಪರೇಷನ್ ತಾರೀಕು ಮತ್ತು ನಡುವಿನ ದಿನಗಳಿಗೆ ಹೊಣೆ ಹೊತ್ತ ವೈದ್ಯರ ಸಹಿ ಇರಬೇಕು.

ಒಬ್ಬ ಕಿರಿಯ ಸರ್ಜನ್ ಇನ್ನೂ ಮುಂದೆ ಹೋಗಿ, ಬಂದ 24 ಗಂಟೆಯೊಳಗೇ ಮಾಡಬಾರದೇಕೆ ಅಂತ ಕೇಳಿದರು. ಹಾಗೆ ಮಾಡಿ ಆಸ್ಪತ್ರೆ ವಾಸ ಕಡಿಮೆಯಾದ ಸಣ್ಣ ಅಧ್ಯಯನಗಳಿವೆ. ಹಿರಿಯರು ಒಪ್ಪಲಿಲ್ಲ. ಮೊದಲ ದಿನ ಸೌಮ್ಯವಾಗಿ ಕಂಡದ್ದು ಎರಡನೇ ದಿನ ತಿರುಗಿಬೀಳುವುದುಂಟು, ಆ ಹೊತ್ತಿಗೆ ರೋಗಿ ಟೇಬಲ್ ಮೇಲೆ ಇದ್ದರೆ ಕಷ್ಟ ಅಂದರು. ನಾನೂ ಆ ಕಡೆಯೇ. ಒಂದೆರಡು ದಿನ ಕಣ್ಣಿಟ್ಟು ನೋಡಿ, ನಿಜವಾಗಿಯೂ ಸೌಮ್ಯ ಅಂತ ಖಚಿತ ಮಾಡಿಕೊಂಡು ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಬಗೆಹರಿಯದೆ ಉಳಿದದ್ದು ವಾರಾಂತ್ಯ. ಶುಕ್ರವಾರ ರಾತ್ರಿ ಊಟ ಶುರು ಮಾಡಿದ ರೋಗಿಗೆ ಶನಿವಾರ, ಭಾನುವಾರ ಥಿಯೇಟರ್ ಸಿಗುವುದು ಅನುಮಾನ. ಅಂಥವರನ್ನು ಸೋಮವಾರದವರೆಗೆ ವಾರ್ಡ್‌ನಲ್ಲೇ ಇಟ್ಟುಕೊಳ್ಳುವುದು ಅಂತ ಬರೆದುಕೊಂಡಿದ್ದೇವೆ. ಗುಣವಾದವರು ಎರಡು ದಿನ ಹಾಸಿಗೆ ಹಿಡಿದರೆ ಹೇಗೆ ಅಂತ ಹಾಸಿಗೆ ನೋಡಿಕೊಳ್ಳುವವರು ಕೇಳಿದರು. ಗಾಲ್‌ಬ್ಲಾಡರ್ ಒಳಗಿರುವವರೆಗೆ ಅವರು ಗುಣವಾದವರ ಲೆಕ್ಕಕ್ಕೆ ಬರುವುದಿಲ್ಲ ಅಂತ ಸರ್ಜರಿ ಮುಖ್ಯಸ್ಥರು ಹೇಳಿದರು. ಮುಂದಿನ ಸಭೆಗೆ ಮೂರು ತಿಂಗಳ ಅಂಕಿ ತನ್ನಿ ಅಂತ ಅದನ್ನು ಅಲ್ಲಿಗೇ ಬಿಟ್ಟಿದ್ದಾರೆ.